ಸೋಮನಾಥಪುರದ ದೇಗುಲ ಮತ್ತು ಸಂಕಲ್ಪಸ್ವಾತಂತ್ರ್ಯದ ಪ್ರಶ್ನೆ

ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇಗುಲವನ್ನು ಕುರಿತ ಬರಹಗಳು ಬಹುಮಟ್ಟಿಗೆ ಎರಡು ಬಗೆಯವು. ಒಂದು ಬಗೆಯವು ಶಾಸನ, ರಾಜವಂಶ, ಶಿಲ್ಪಿಗಳ ಹೆಸರುಗಳನ್ನು ಕಲೆಹಾಕುತ್ತವೆ. ಇನ್ನೊಂದು ಬಗೆಯವು ಕೆತ್ತನೆಯ ನಯವನ್ನು ಕೊಂಡಾಡುತ್ತವೆ. ಎರಡೂ ಬೇಕಾದವೇ. ಆದರೆ ಈ ಕಟ್ಟಡವು ತನ್ನನ್ನು ಸುತ್ತಿಬರುವ, ತನ್ನ ಒಳಹೊಕ್ಕು ನಿಲ್ಲುವ ಮನುಷ್ಯನ ಪ್ರಜ್ಞೆಯ ಮೇಲೆ ಏನು ಮಾಡುತ್ತದೆ ಎಂಬ ವಿಚಾರವನ್ನು ಅವು ಹೆಚ್ಚಾಗಿ ಎತ್ತಿಕೊಳ್ಳುವುದಿಲ್ಲ. ದೈವಶಾಸ್ತ್ರದ ವಿದ್ಯಾರ್ಥಿಗೆ ಬೇಕಾದುದು ಆ ವಿಚಾರವೇ. ಮನುಷ್ಯನು ಇರುವ ಆವರಣವು ಅವನ ಗ್ರಹಿಕೆಯನ್ನು ಎಷ್ಟರಮಟ್ಟಿಗೆ ರೂಪಿಸುತ್ತದೆ, ಹಾಗೆ ರೂಪುಗೊಂಡ ಗ್ರಹಿಕೆಯಿಂದ ಹೊರಡುವ ಕ್ರಿಯೆಯನ್ನು ಎಷ್ಟರಮಟ್ಟಿಗೆ ಅವನ ಸ್ವಂತದ್ದೆಂದು ಕರೆಯಬಹುದು ಎಂಬ ಪ್ರಶ್ನೆಯು ನಾಳೆ ಪಾಪನಿವೇದನೆಯನ್ನು ಕೇಳಲು ಕುಳಿತುಕೊಳ್ಳುವ ಪ್ರತಿಯೊಬ್ಬ ಯಾಜಕನ ಮುಂದೆಯೂ ಬಂದು ನಿಲ್ಲುತ್ತದೆ.

ಈ ಪ್ರಶ್ನೆಗೆ ನಮ್ಮ ಪ್ರಬೋಧನೆಗಳಲ್ಲಿ ಎರಡು ಸುಲಭದ ಉತ್ತರಗಳು ಓಡಾಡುತ್ತಿವೆ. ಪರಿಸರ ಹೇಗೋ ಮನುಷ್ಯ ಹಾಗೆ ಎಂಬುದು ಒಂದು; ಮನಸ್ಸಿದ್ದರೆ ಮಾರ್ಗ ಎಂಬುದು ಇನ್ನೊಂದು. ಮೊದಲನೆಯದು ಪಾಪವನ್ನೂ ಪುಣ್ಯವನ್ನೂ ಒಟ್ಟಿಗೆ ಅಳಿಸಿಹಾಕುತ್ತದೆ. ಎರಡನೆಯದು ಬಡವನ ತಲೆಯ ಮೇಲೆ ಅವನು ಹೊರಲಾರದ ಹೊರೆಯನ್ನು ಹೇರುತ್ತದೆ. ಸೋಮನಾಥಪುರದ ಕಲ್ಲು ಈ ಎರಡನ್ನೂ ಒಪ್ಪುವುದಿಲ್ಲ. ಆವರಣ ಮತ್ತು ಸಂಕಲ್ಪ ಇವೆರಡರ ನಡುವೆ ಅವಧಾನವೆಂಬ ಮೂರನೆಯದೊಂದು ಇದೆಯೆಂದೂ ಸ್ವಾತಂತ್ರ್ಯವು ಮೊದಲು ಕಣ್ತೆರೆಯುವುದು ಅಲ್ಲಿಯೇ ಎಂದೂ ಈ ದೇಗುಲವನ್ನು ಮುಂದಿಟ್ಟುಕೊಂಡು ತೋರಿಸುವುದು ಈ ಬರಹದ ಉದ್ದೇಶ.

1. ನಡಿಗೆಯನ್ನು ತಿದ್ದುವ ಕಟ್ಟಡ

ಹೊಯ್ಸಳ ದೊರೆ ಮೂರನೆಯ ನರಸಿಂಹನ ಆಳಿಕೆಯಲ್ಲಿ (1254–1291) ಅವನ ದಂಡನಾಯಕ ಸೋಮನಾಥನು ಕಟ್ಟಿಸಿದ ಈ ದೇಗುಲವು ತ್ರಿಕೂಟ. ಪಶ್ಚಿಮದಲ್ಲಿ ಕೇಶವ, ಉತ್ತರದಲ್ಲಿ ಜನಾರ್ದನ, ದಕ್ಷಿಣದಲ್ಲಿ ವೇಣುಗೋಪಾಲ. ಸುತ್ತಲೂ ಕಂಬಗಳ ಸಾಲಿನ ಕೈಸಾಲೆ, ಅದರೊಳಗೆ ತೆರೆದ ಅಂಗಳ, ಅಂಗಳದ ನಡುವೆ ಎತ್ತರಿಸಿದ ಜಗತಿ, ಜಗತಿಯ ಮೇಲೆ ಗುಡಿ. ಗರ್ಭಗೃಹವನ್ನು ಒಳಗಿನಿಂದ ಸುತ್ತಿಬರುವ ದಾರಿ ಇಲ್ಲಿಲ್ಲ. ಹೊರಗಿನ ಜಗತಿಯೇ ಪ್ರದಕ್ಷಿಣಾಪಥ. ಆ ಜಗತಿಯ ಅಂಚು ಗುಡಿಯ ನಕ್ಷತ್ರಾಕಾರದ ತಳವಿನ್ಯಾಸವನ್ನೇ ಅನುಸರಿಸುತ್ತದೆ. ಆದುದರಿಂದ ಅದರ ಮೇಲೆ ನಡೆಯುವವನು ನೇರವಾಗಿ ಬಹಳ ದೂರ ಸಾಗಲಾರ. ಕೆಲವೇ ಹೆಜ್ಜೆಗಳಿಗೊಮ್ಮೆ ಗೋಡೆಯು ಹೊರಳುತ್ತದೆ. ಅದರೊಂದಿಗೆ ಅವನ ಮೈಯೂ ಹೊರಳಬೇಕಾಗುತ್ತದೆ. ನಕ್ಷತ್ರದ ಒಂದೊಂದು ಕೋನವೂ ಬೇರೆ ಬೇರೆ ದಿಕ್ಕಿಗೆ ಮುಖಮಾಡಿರುವುದರಿಂದ ಒಂದು ಮುಖದ ಮೇಲೆ ಬಿಸಿಲಿದ್ದಾಗ ಪಕ್ಕದ ಮುಖದ ಮೇಲೆ ನೆರಳಿರುತ್ತದೆ. ಇಡೀ ಗೋಡೆಯನ್ನು ಒಂದೇ ನೋಟಕ್ಕೆ ಹಿಡಿಯುವುದು ಸಾಧ್ಯವಿಲ್ಲ. ಕಟ್ಟಡವು ತನ್ನನ್ನು ಹಂತಹಂತವಾಗಿ ಮಾತ್ರ ಒಪ್ಪಿಸಿಕೊಡುತ್ತದೆ.

ಗೋಡೆಯ ಕೆಳಭಾಗದಲ್ಲಿ ಪಟ್ಟಿಕೆಗಳು ಒಂದರ ಮೇಲೊಂದು ಬರುತ್ತವೆ: ಆನೆ, ಕುದುರೆ ಸವಾರರು, ಬಳ್ಳಿ, ಅದರ ಮೇಲೆ ಕಥೆಗಳ ಪಟ್ಟಿಕೆ, ಮತ್ತೆ ಮಕರ, ಹಂಸ. ಕಥಾಪಟ್ಟಿಕೆಯ ಕ್ರಮವು ಗಮನಾರ್ಹ. ಪೂರ್ವದ ಬಾಗಿಲಿನಿಂದ ಹೊರಟು ಎಡಕ್ಕೆ ತಿರುಗಿ ಬಲಸುತ್ತು ಬರುವವನಿಗೆ ಮೊದಲು ದಕ್ಷಿಣದ ಗುಡಿಯ ಸುತ್ತ ರಾಮಾಯಣ, ಅನಂತರ ಪಶ್ಚಿಮದಲ್ಲಿ ಕೃಷ್ಣಕಥೆ, ಕೊನೆಗೆ ಉತ್ತರದಲ್ಲಿ ಮಹಾಭಾರತ ಎದುರಾಗುತ್ತವೆ. ಎದುರು ದಿಕ್ಕಿನಿಂದ ಹೊರಟವನಿಗೆ ಕಥೆಯು ತಲೆಕೆಳಗಾಗಿ ಓದಿದ ಪುಸ್ತಕದಂತೆ ಒಡೆದುಹೋಗುತ್ತದೆ. ಹೀಗೆಯೇ ನಡೆಯಬೇಕೆಂದು ಯಾರೂ ಅವನ ಕೈಹಿಡಿದು ಎಳೆಯುವುದಿಲ್ಲ. ಆದರೆ ನಡೆಯುವ ದಿಕ್ಕಿನಲ್ಲಿ ಅರ್ಥವಿದೆ ಎಂಬುದನ್ನು ಕಾಲಿಗೆ ಕಲಿಸುವ ಏರ್ಪಾಡು ಇಲ್ಲಿದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್ ದೃಷ್ಟಿಗ್ರಹಿಕೆಯನ್ನು ಕುರಿತ ತಮ್ಮ 1979ರ ಗ್ರಂಥದಲ್ಲಿ ಮಂಡಿಸಿದ ವಿಚಾರವನ್ನು ಇಲ್ಲಿ ನೆನೆಯಬಹುದು. ಗ್ರಹಿಕೆಯೆಂದರೆ ತಲೆಯೊಳಗೆ ಮೂಡುವ ಚಿತ್ರವೆಂದು ಅವರು ತಿಳಿಯಲಿಲ್ಲ. ಚಲಿಸುವ ದೇಹಕ್ಕೆ ಪರಿಸರವು ಮುಂದೊಡ್ಡುವ ಕ್ರಿಯೆಯ ಅವಕಾಶಗಳನ್ನು ಕಂಡುಕೊಳ್ಳುವುದೇ ಗ್ರಹಿಕೆ ಎಂದು ತಿಳಿದರು. ಮೆಟ್ಟಿಲು ಹತ್ತುವುದಕ್ಕೆ, ಜಗಲಿ ಕೂರುವುದಕ್ಕೆ ಅವಕಾಶ ನೀಡುತ್ತವೆ. ಸೋಮನಾಥಪುರದ ಜಗತಿಯು ಸುತ್ತುವುದಕ್ಕೆ, ನಿಲ್ಲುವುದಕ್ಕೆ, ಮರಳಿ ನೋಡುವುದಕ್ಕೆ ಅವಕಾಶ ನೀಡುತ್ತದೆ. ಅವಕಾಶವೇ ಕ್ರಿಯೆಯಲ್ಲ ಎಂಬುದನ್ನು ಮಾತ್ರ ನಾವು ಮರೆಯಬಾರದು.

2. ಒಳಗಿನ ಮಬ್ಬು

ಹೊರಗಿನ ಬಿಸಿಲಿನಿಂದ ಮಂಟಪದೊಳಕ್ಕೆ ಕಾಲಿಟ್ಟ ಕೂಡಲೇ ಏನೂ ಕಾಣುವುದಿಲ್ಲ. ಜಾಲಂಧ್ರಗಳಿಂದ ಸೋಸಿಬರುವ ಬೆಳಕು ಅಲ್ಪ. ಕಣ್ಣಿನ ಪಾಪೆ ಬೇಗನೆ ಹಿಗ್ಗುತ್ತದೆಯಾದರೂ ಅಕ್ಷಿಪಟವು ಕತ್ತಲಿಗೆ ಪೂರ್ಣವಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷಗಳು ಹಿಡಿಯುತ್ತವೆ. ಈ ಮಂಟಪದ ಮಬ್ಬಿಗೆ ಅಷ್ಟು ಕಾಲ ಬೇಡವಾದರೂ ಕೆಲವು ನಿಮಿಷಗಳಾದರೂ ಬೇಕು. ಅಷ್ಟು ಕಾಲ ನಿಂತವನಿಗೆ ತಿರುಗಣಿಯಲ್ಲಿ ಕಡೆದ ಕಂಬಗಳ ಹೊಳಪು ಮೊದಲು ಕಾಣುತ್ತದೆ. ಆಮೇಲೆ ತಲೆಯೆತ್ತಿದರೆ ಭುವನೇಶ್ವರಿಗಳು ಒಂದೊಂದಾಗಿ ಮಬ್ಬಿನಿಂದ ಹೊರಬರುತ್ತವೆ. ಸುತ್ತುಗಳು ಒಳಸರಿದು ನಡುವೆ ಬಾಳೆಯ ಮೊಗ್ಗಿನಂತೆ ಕೆಳಕ್ಕೆ ಇಳಿದಿರುವುದು ತಿಳಿಯುತ್ತದೆ. ಅವಸರದಲ್ಲಿ ಬಂದು ಎರಡು ಚಿತ್ರ ತೆಗೆದುಕೊಂಡು ಹೊರಟವನು ಮಂಟಪದೊಳಗೆ ಇದ್ದೂ ಅದನ್ನು ಕಾಣಲಿಲ್ಲ. ಅವನ ಕಣ್ಣು ಇನ್ನೂ ಹೊರಗಿನ ಬಿಸಿಲಿನಲ್ಲಿಯೇ ಇತ್ತು.

ನಮ್ಮ ಪ್ರಶ್ನೆಯ ತಿರುಳು ಈ ಸಣ್ಣ ಸಂಗತಿಯಲ್ಲಿಯೇ ಇದೆ. ಕಾಣುವುದು ಸಂಕಲ್ಪದ ಕೆಲಸವಲ್ಲ. ಈಗಲೇ ಕಾಣುತ್ತೇನೆಂದು ಯಾರೂ ತನ್ನ ಅಕ್ಷಿಪಟಕ್ಕೆ ಆಜ್ಞೆ ಮಾಡಲಾರರು. ಹಾಗೆಂದು ಕಾಣುವುದು ಕೇವಲ ಆವರಣದ ಕೆಲಸವೂ ಅಲ್ಲ. ಅದೇ ಮಂಟಪವು ಒಬ್ಬನಿಗೆ ತೆರೆದುಕೊಳ್ಳುತ್ತದೆ, ಮತ್ತೊಬ್ಬನಿಗೆ ತೆರೆದುಕೊಳ್ಳುವುದಿಲ್ಲ. ಸಂಕಲ್ಪಕ್ಕೆ ಸಾಧ್ಯವಿರುವುದು ಒಂದೇ: ಅಲ್ಲಿ ನಿಲ್ಲುವುದು. ನಿಂತವನಿಗೆ ಉಳಿದುದನ್ನು ಆವರಣವೂ ದೇಹವೂ ಸೇರಿ ನೀಡುತ್ತವೆ. ಕೃಪೆ ಮತ್ತು ಸಂಕಲ್ಪಗಳ ಸಂಬಂಧವನ್ನು ಪಾಠವಾಗಿ ಕಲಿತವರಿಗೆ ಈ ರಚನೆ ಅಪರಿಚಿತವೆನಿಸಲಾರದು. ನಮ್ಮ ಸಮ್ಮತಿಯಿಲ್ಲದೆ ನಮ್ಮಲ್ಲಿ ಫಲಕ್ಕೆ ಬಾರದ, ಆದರೆ ನಮ್ಮ ಸಮ್ಮತಿಯೇ ಉಂಟುಮಾಡಲಾರದ ವರದ ಮಾತು ಅದು. ಕಲ್ಲಿನ ಕಟ್ಟಡವು ಕೃಪೆಯಲ್ಲ. ಆದರೆ ಕೃಪೆಯನ್ನು ಸ್ವೀಕರಿಸುವ ಜೀವಿಯು ಎಂಥವನೆಂಬುದನ್ನು ಅದು ತೋರಿಸಿಕೊಡುತ್ತದೆ.

3. ಪೂಜೆ ನಿಂತ ಮೇಲೆ

ಇಲ್ಲಿಯವರೆಗಿನ ಮಾತು ಕಟ್ಟಡವನ್ನು ಹೊಗಳಿದಂತೆ ಕಾಣಬಹುದು. ವಿಮರ್ಶೆಯು ಅದರ ಮಿತಿಯನ್ನೂ ಹೇಳಬೇಕು. ಬೇಲೂರಿನ ಚೆನ್ನಕೇಶವ ದೇಗುಲವು 1117ರಲ್ಲಿ ಪ್ರತಿಷ್ಠೆಗೊಂಡುದು. ಅಲ್ಲಿ ಇಂದಿಗೂ ನಿತ್ಯಪೂಜೆ ನಡೆಯುತ್ತದೆ. ಸೋಮನಾಥಪುರದಲ್ಲಿ ಅದು ನಿಂತು ಬಹುಕಾಲವಾಯಿತು. ಮೂಲ ಕೇಶವಮೂರ್ತಿ ಈಗ ಅಲ್ಲಿಲ್ಲ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿ, ಟಿಕೆಟ್ಟಿನ ಕಟ್ಟೆ ಮತ್ತು ಹುಲ್ಲುಹಾಸುಗಳ ನಡುವೆ ಅದು ಸ್ಮಾರಕವಾಗಿ ನಿಂತಿದೆ. 2023ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡುಗಳೊಡನೆ ಅದನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಲೂರಿನ ಮತ್ತು ಸೋಮನಾಥಪುರದ ಶಿಲ್ಪಭಾಷೆ ಒಂದೇ ಮನೆತನದ್ದು: ಅದೇ ಬಗೆಯ ಬಳಪದ ಕಲ್ಲು, ಅದೇ ಬಗೆಯ ಜಗತಿ, ಕಡೆದ ಕಂಬ. ಆದರೂ ಬೇಲೂರಿನಲ್ಲಿ ಜನ ಕೈಮುಗಿಯುತ್ತಾರೆ, ಸೋಮನಾಥಪುರದಲ್ಲಿ ಹೆಚ್ಚಿನವರು ಚಿತ್ರ ತೆಗೆದುಕೊಳ್ಳುತ್ತಾರೆ. ಪರಿಸರವೇ ಪ್ರಜ್ಞೆಯನ್ನು ನಿರ್ಧರಿಸುವುದಾದರೆ ಹೀಗಾಗಬಾರದಿತ್ತು. ಕಲ್ಲು ಬದಲಾಗಲಿಲ್ಲ, ಕಲ್ಲಿನ ಸುತ್ತ ಬದುಕುತ್ತಿದ್ದ ಸಮುದಾಯದ ರೂಢಿ, ಗಂಟೆಯ ಸದ್ದು, ಪ್ರಸಾದ, ಹಿರಿಯರು ಮಗುವಿನ ಕೈಯನ್ನು ಹಿಡಿದು ಜೋಡಿಸುತ್ತಿದ್ದ ಕ್ರಮ ಇವು ಇಲ್ಲವಾದವು. ಆವರಣವೆಂದರೆ ಗೋಡೆಯಷ್ಟೇ ಅಲ್ಲ, ಗೋಡೆಯೊಳಗಿನ ಆಚರಣೆಯೂ ಹೌದು.

ಇದನ್ನು ಅನ್ಯರ ದೇಗುಲದ ಕುರಿತ ತೀರ್ಪಾಗಿ ಓದುವ ಅವಸರ ನಮಗೆ ಬೇಡ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 19ನೆಯ ಶತಮಾನದಲ್ಲಿ ಕಟ್ಟಿದ ಜಪಮಾಲೆ ಮಾತೆಯ ದೇವಾಲಯವು ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು. ಊರು ಬೇರೆಡೆಗೆ ಹೋಯಿತು. ಮಳೆಗಾಲದಲ್ಲಿ ನೀರಿನಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಮೇಲೇಳುವ ಅದರ ಕಮಾನುಗಳನ್ನು ನೋಡಲು ಇಂದು ಪ್ರವಾಸಿಗರು ಬರುತ್ತಾರೆ. ಬಲಿಪೀಠವಿದ್ದ ಸ್ಥಳವು ಅವರಿಗೆ ಒಂದು ನೋಟವಷ್ಟೆ. ಗೋಥಿಕ್ ಕಮಾನು ತನ್ನಷ್ಟಕ್ಕೆ ತಾನೇ ಯಾರನ್ನೂ ಮಂಡಿಯೂರಿಸುವುದಿಲ್ಲ ಎಂಬುದಕ್ಕೆ ನಮ್ಮದೇ ನೆಲದ ಸಾಕ್ಷ್ಯ ಇದು. ಮೈಸೂರಿನ ಸಂತ ಫಿಲೋಮಿನಾ ದೇವಾಲಯದಲ್ಲಿ ಬಲಿಪೂಜೆ ನಡೆಯುತ್ತಿದ್ದರೂ ಅದರ ಅವಳಿ ಗೋಪುರಗಳನ್ನು ಮಾತ್ರ ನೋಡಿ ಹೋಗುವವರು ಕಡಮೆಯೇನಲ್ಲ.

4. ಅಲಿಪಿಯಸ್ ಮತ್ತು ಪೌಲ

ಹಾಗಾದರೆ ಸಂಕಲ್ಪವೇ ಎಲ್ಲವೂ ಎನ್ನೋಣವೇ? ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಆರನೆಯ ಭಾಗದಲ್ಲಿ ಹೇಳುವ ಅಲಿಪಿಯಸನ ಪ್ರಸಂಗವು ಆ ನಂಬಿಕೆಯನ್ನು ಮುರಿಯುತ್ತದೆ. ರೋಮಿನಲ್ಲಿ ಗೆಳೆಯರು ಅವನನ್ನು ಬಲವಂತದಿಂದ ಕಾಳಗದ ರಂಗಕ್ಕೆ ಕರೆದೊಯ್ದರು. ದೇಹವನ್ನು ಒಯ್ದರೂ ಮನಸ್ಸನ್ನು ಒಯ್ಯಲಾರಿರಿ ಎಂಬ ದೃಢತೆಯಿಂದ ಅವನು ಕಣ್ಣು ಮುಚ್ಚಿ ಕುಳಿತ. ಆದರೆ ಕಿವಿಗೆ ರೆಪ್ಪೆಯಿಲ್ಲ. ಜನರ ಬೊಬ್ಬೆ ಎದ್ದಾಗ ಕಣ್ಣು ತೆರೆದ. ತೆರೆದ ಮೇಲೆ ಅವನು ನೋಡಬಂದವನಾಗಿ ಉಳಿಯಲಿಲ್ಲ, ಆ ಗುಂಪಿನವನೇ ಆದ. ಮುಂದೆ ತಗಾಸ್ತೆಯ ಧರ್ಮಾಧ್ಯಕ್ಷನಾದವನ ಕಥೆಯಿದು, ದುರ್ಬಲ ಮನಸ್ಸಿನವನದಲ್ಲ. ಅಗಸ್ಟೀನರ ದೃಷ್ಟಿಯಲ್ಲಿ ಅವನ ತಪ್ಪು ಸಂಕಲ್ಪದ ಕೊರತೆಗಿಂತ ಹೆಚ್ಚಾಗಿ ತನ್ನ ಸಂಕಲ್ಪದ ಮೇಲೆ ತಾನಿಟ್ಟ ಅತಿಯಾದ ನಂಬಿಕೆಯಲ್ಲಿತ್ತು. ಎಂಟನೆಯ ಭಾಗದಲ್ಲಿ ಅವರು ತಮ್ಮನ್ನೇ ಕುರಿತು ಹೇಳುವ ಸರಪಳಿಯೂ ಇದಕ್ಕೆ ಹೊಂದುತ್ತದೆ: ವಕ್ರಗೊಂಡ ಸಂಕಲ್ಪದಿಂದ ಆಸೆ, ಆಸೆಯಿಂದ ರೂಢಿ, ರೂಢಿಯಿಂದ ಅನಿವಾರ್ಯತೆ. ಮೊದಲ ಕೊಂಡಿ ಸ್ವತಂತ್ರ, ಕೊನೆಯದು ಸ್ವತಂತ್ರವಲ್ಲ.

ಇದಕ್ಕೆ ಎದುರಾಗಿ ಪ್ರೇಷಿತರ ಕಾರ್ಯಕಲಾಪಗಳ 17ನೆಯ ಅಧ್ಯಾಯದ ಪೌಲರನ್ನು ನಿಲ್ಲಿಸಿ ನೋಡಬೇಕು. ಅಥೆನ್ಸ್ ನಗರ ತುಂಬ ವಿಗ್ರಹಗಳನ್ನು ಕಂಡು ಅವರ ಮನಸ್ಸು ಕುದಿಯಿತು. ಆವರಣವು ಅವರಲ್ಲಿ ಮೊದಲು ಹುಟ್ಟಿಸಿದುದು ಆ ಕುದಿತವನ್ನೇ, ಯೆಹೂದ್ಯ ಸಂಸ್ಕಾರದಲ್ಲಿ ಬೆಳೆದವರಲ್ಲಿ ಅದು ಸಹಜ. ಆದರೆ ಅರಿಯೊಪಾಗದಲ್ಲಿ ಮಾತನಾಡಲು ನಿಂತಾಗ ಅವರು ತಾವು ನಗರದಲ್ಲಿ ಸುತ್ತಾಡಿ ಅಲ್ಲಿನ ಆರಾಧನೆಯ ವಸ್ತುಗಳನ್ನು ಗಮನವಿಟ್ಟು ನೋಡಿದುದನ್ನು ಹೇಳುತ್ತಾರೆ. ಅಜ್ಞಾತ ದೇವರಿಗೆ ಅರ್ಪಿಸಿದ ಒಂದು ಬಲಿಪೀಠವನ್ನು ಕಂಡುದನ್ನು ಹೇಳುತ್ತಾರೆ. ಕುದಿತ ಮತ್ತು ಪ್ರಸಂಗದ ನಡುವೆ ಒಂದು ನಡಿಗೆಯಿದೆ, ಒಂದು ನಿಲುಗಡೆಯಿದೆ. ನಗರ ಅದೇ, ವಿಗ್ರಹಗಳು ಅವೇ. ಅವಧಾನದಿಂದ ನೋಡಿದ ಮೇಲೆ ಕಂಡುದು ಬೇರೆ, ಅದರಿಂದ ಹೊರಟ ಕ್ರಿಯೆಯೂ ಬೇರೆ. ತಮ್ಮ ನಂಬಿಕೆಯನ್ನು ಅವರು ಒಂದಿಷ್ಟೂ ಬಿಟ್ಟುಕೊಡಲಿಲ್ಲ. ಆದರೆ ಮೊದಲ ಆವೇಗದ ಕೈಗೆ ತಮ್ಮ ಮಾತನ್ನೂ ಕೊಡಲಿಲ್ಲ. ಅಲಿಪಿಯಸನು ನೋಡದಿರುವುದರಲ್ಲಿ ಸ್ವಾತಂತ್ರ್ಯವನ್ನು ಹುಡುಕಿ ಸೋತ, ಪೌಲರು ಸರಿಯಾಗಿ ನೋಡುವುದರಲ್ಲಿ ಅದನ್ನು ಪಡೆದರು.

5. ಬಾಗಿಲ ಹೊರಗಿದ್ದವರು

ಸೋಮನಾಥಪುರದ ಆವರಣವನ್ನು ಕಟ್ಟಿದವರು ಯಾರು, ಯಾರಿಗಾಗಿ ಕಟ್ಟಿದರು ಎಂಬ ಪ್ರಶ್ನೆಯನ್ನು ಬಿಟ್ಟರೆ ಈ ವಿಮರ್ಶೆ ಅರ್ಧವಾಗುತ್ತದೆ. ಮಲ್ಲಿತಮ್ಮ ಮೊದಲಾದ ಶಿಲ್ಪಿಗಳು ತಮ್ಮ ಕೆತ್ತನೆಗಳ ಕೆಳಗೆ ಹೆಸರನ್ನು ಬಿಟ್ಟುಹೋಗಿದ್ದಾರೆ. ಕೆಲಸಗಾರನ ಹೆಸರು ಉಳಿದಿರುವುದು ಸಣ್ಣ ಮಾತಲ್ಲ. ಆದರೆ ಊರು ಅಗ್ರಹಾರವಾಗಿ ಸ್ಥಾಪಿತವಾದುದು, ಬ್ರಾಹ್ಮಣರಿಗೆ ದಾನವಾಗಿ ಸಂದುದು. ಆ ಅಗ್ರಹಾರದ ಗದ್ದೆಗಳನ್ನು ಉತ್ತವರಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೆ ಆ ಕಾಲದ ಸಮಾಜದಲ್ಲಿ ಕಂಡದ್ದು ಶಿಖರದ ತುದಿ ಮಾತ್ರ, ಭುವನೇಶ್ವರಿಯಲ್ಲ. ಪ್ರಜ್ಞೆಯನ್ನು ರೂಪಿಸುವ ಆವರಣವು ಒಳಗಿದ್ದವನಿಗೆ ಒಂದು ಪಾಠವನ್ನು, ಹೊರಗಿದ್ದವನಿಗೆ ಇನ್ನೊಂದು ಪಾಠವನ್ನು ಕಲಿಸುತ್ತದೆ. ಹೊರಗಿನವನ ಪಾಠ ನೀನು ಇಷ್ಟೆ ಎಂಬುದು. ಪೂಜೆ ನಿಂತು ಸ್ಮಾರಕವಾದ ಮೇಲೆ ಇಂದು ಯಾವ ಜಾತಿಯವನಾದರೂ ಟಿಕೆಟ್ಟು ಕೊಂಡು ಒಳಹೋಗಿ ತಲೆಯೆತ್ತಿ ನೋಡಬಹುದು ಎಂಬುದು ಚರಿತ್ರೆಯ ಒಂದು ವ್ಯಂಗ್ಯ.

ಈ ದೋಷದಿಂದ ನಮ್ಮ ಧರ್ಮಸಭೆಯೂ ಹೊರತಲ್ಲ. ತಮಿಳುನಾಡಿನ ವಡಕ್ಕನ್‌ಕುಳಂನಲ್ಲಿ 19ನೆಯ ಶತಮಾನದಲ್ಲಿ ಎದ್ದ ದೇವಾಲಯಕ್ಕೆ ಒಂದೇ ಬಲಿಪೀಠ, ಎರಡು ಪ್ರತ್ಯೇಕ ಅಂಕಣಗಳು; ಒಂದು ಜಾತಿಯವರು ಇನ್ನೊಂದು ಜಾತಿಯವರನ್ನು ಕಾಣದಂತೆ ನಡುವೆ ಗೋಡೆ. 20ನೆಯ ಶತಮಾನದ ಆರಂಭದಲ್ಲಿ ಅದನ್ನು ಕೆಡವಬೇಕಾಯಿತು. ಆ ಗೋಡೆಯಿದ್ದಷ್ಟು ಕಾಲ ಅಲ್ಲಿನ ಮಗುವೊಂದು ಧರ್ಮೋಪದೇಶದ ಮೊದಲ ಪ್ರಶ್ನೆಯನ್ನು ಕಲಿಯುವುದಕ್ಕೆ ಮುಂಚೆಯೇ ತಾನು ಯಾರೊಡನೆ ಸೇರಬಾರದು ಎಂಬುದನ್ನು ದೇವಾಲಯದಿಂದಲೇ ಕಲಿಯುತ್ತಿತ್ತು. ಪ್ರಬೋಧನೆಯಲ್ಲಿ ಕೇಳಿದ ಸಹೋದರತ್ವಕ್ಕಿಂತ ಕಣ್ಣೆದುರಿನ ಗೋಡೆಯು ಗಟ್ಟಿಯಾಗಿ ಮಾತನಾಡುತ್ತಿತ್ತು.

1969ರಲ್ಲಿ ಭಾರತದ ಧರ್ಮಸಭೆಗೆ ಅನುಮತಿ ದೊರೆತ ಹನ್ನೆರಡು ಅಂಶಗಳ ಹೊಂದಾಣಿಕೆಯು ನೆಲದ ಮೇಲೆ ಕುಳಿತುಕೊಳ್ಳುವುದು, ಪಾದರಕ್ಷೆ ಕಳಚುವುದು, ಅಂಜಲಿ, ಆರತಿ ಮೊದಲಾದುವನ್ನು ಬಲಿಪೂಜೆಯೊಳಕ್ಕೆ ತಂದಿತು. ಬೆಂಗಳೂರಿನಲ್ಲಿ ಅದಕ್ಕಾಗಿ ದುಡಿದ ಫಾದರ್ ಡಿ. ಎಸ್. ಅಮಲೋರ್‌ಪವದಾಸ್ ಅವರು ಮುಂದೆ ಮೈಸೂರಿನ ಚಾಮುಂಡಿ ಬೆಟ್ಟದ ಬುಡದಲ್ಲಿ ಅಂಜಲಿ ಆಶ್ರಮವನ್ನು ಕಟ್ಟಿದರು. ಮೈಯ ಭಂಗಿ ಬದಲಾದರೆ ಪ್ರಾರ್ಥನೆಯ ಮನೋಧರ್ಮವೂ ಬದಲಾಗುತ್ತದೆ ಎಂಬ ಅರಿವು ಆ ಯತ್ನದಲ್ಲಿತ್ತು. ಆ ಅರಿವು ಸರಿಯಾದದ್ದೇ. ಆದರೆ ಆ ರೂಪಗಳಲ್ಲಿ ಹಲವು ಅಗ್ರಹಾರದ ಕಡೆಯಿಂದ ಬಂದವೆಂದು ದಲಿತ ದೈವಶಾಸ್ತ್ರಜ್ಞರು ಎತ್ತಿದ ಆಕ್ಷೇಪವೂ ಅಷ್ಟೇ ಸರಿಯಾದದ್ದು. ಯಾವ ಆವರಣದಿಂದ ಒಬ್ಬನನ್ನು ತಲೆಮಾರುಗಳ ಕಾಲ ಹೊರಗಿಡಲಾಗಿತ್ತೋ ಅದೇ ಆವರಣದ ಚಿಹ್ನೆಗಳು ಅವನಿಗೆ ದೇವಸಾನ್ನಿಧ್ಯವನ್ನು ಸುಲಭವಾಗಿ ಸೂಚಿಸಲಾರವು. ಚಿಹ್ನೆಯು ಬರಿಯ ಕಣ್ಣಿಗೆ ತಾಕುವುದಿಲ್ಲ, ನೆನಪಿರುವ ಕಣ್ಣಿಗೆ ತಾಕುತ್ತದೆ.

6. ನಿವೇದನೆಯ ಮುಂದೆ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಕಥೋಲಿಕ ಧರ್ಮೋಪದೇಶ ಗ್ರಂಥದ 1735ನೆಯ ವಿಭಾಗವು ಅಜ್ಞಾನ, ಬಲವಂತ, ಭಯ, ರೂಢಿ, ಮನೋವೈಜ್ಞಾನಿಕ ಹಾಗೂ ಸಾಮಾಜಿಕ ಕಾರಣಗಳು ಒಬ್ಬನ ಹೊಣೆಯನ್ನು ಕುಗ್ಗಿಸಬಹುದು, ಕೆಲವೊಮ್ಮೆ ಇಲ್ಲವಾಗಿಸಲೂಬಹುದು ಎಂದು ಬೋಧಿಸುತ್ತದೆ. ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ನಾವು ಬದುಕುವ ಸ್ಥಳಗಳು ನಮ್ಮ ಆಲೋಚನೆ, ಭಾವನೆ, ನಡವಳಿಕೆಗಳ ಮೇಲೆ ಪ್ರಭಾವ ಬೀರುವುದನ್ನು ಎತ್ತಿ ಹೇಳಿ, ಅದರ ಬೆನ್ನಿಗೇ ಇಕ್ಕಟ್ಟಾದ ಬಡ ವಸತಿಗಳಲ್ಲಿಯೂ ಜನರು ಸ್ನೇಹದಿಂದ ಬಾಳ್ವೆಯನ್ನು ಹಸನುಗೊಳಿಸಿಕೊಂಡಿರುವುದನ್ನು ಮೆಚ್ಚುತ್ತಾರೆ. ಈ ಎರಡು ಮಾತುಗಳನ್ನು ಬಿಡಿಸಿ ಓದಬಾರದು. ಮೊದಲನೆಯದನ್ನು ಮಾತ್ರ ಓದಿದವನು ಬಡವನನ್ನು ಪರಿಸ್ಥಿತಿಯ ಬೊಂಬೆಯೆಂದು ತಿಳಿಯುತ್ತಾನೆ. ಎರಡನೆಯದನ್ನು ಮಾತ್ರ ಓದಿದವನು ಕೊಳೆಗೇರಿಯನ್ನು ಹಾಗೆಯೇ ಇರಗೊಟ್ಟು ಸದ್ಗುಣವನ್ನು ಬೇಡುತ್ತಾನೆ.

ಒಂದೇ ಕೋಣೆಯ ಮನೆಯಲ್ಲಿ ಆರು ಜನರ ನಡುವೆ, ಟಿ.ವಿ.ಯ ಸದ್ದಿನಲ್ಲಿ ಓದಲಾಗದ ಹುಡುಗಿಯನ್ನು ಸೋಮಾರಿ ಎನ್ನುವ ಉಪದೇಶಿ, ಕೂಲಿ ಮುಗಿಸಿ ಬರುವ ದಾರಿಯಲ್ಲಿ ಹೆಂಡದಂಗಡಿಯಲ್ಲದೆ ಕುಳಿತು ಮಾತನಾಡಲು ಮತ್ತೊಂದು ತಾಣವಿಲ್ಲದ ಗಂಡಸಿಗೆ ಬರಿಯ ಪ್ರತಿಜ್ಞೆಯನ್ನು ಮಾಡಿಸುವ ಯಾಜಕ, ಇವರಿಬ್ಬರೂ ಅಲಿಪಿಯಸನ ತಪ್ಪನ್ನೇ ಇತರರ ಮೇಲೆ ಹೇರುತ್ತಿದ್ದಾರೆ. ಆ ಹುಡುಗಿಗೆ ಸಂಜೆ ಎರಡು ಗಂಟೆ ಧರ್ಮಕೇಂದ್ರದ ಸಭಾಂಗಣದ ಬಾಗಿಲು ತೆರೆದಿಟ್ಟರೆ, ಆ ಗಂಡಸಿಗೆ ಕೂರಲು ಬೇರೊಂದು ಜಗಲಿ ಸಿಕ್ಕರೆ ಅವರ ಸಂಕಲ್ಪವನ್ನು ನಾವು ಅವರಿಂದ ಕಸಿದುಕೊಂಡಂತಾಗುವುದಿಲ್ಲ. ಅದಕ್ಕೆ ನಿಲ್ಲಲು ನೆಲ ಕೊಟ್ಟಂತಾಗುತ್ತದೆ. ಆಮೇಲೆ ನಿಲ್ಲುವುದು, ನಿಲ್ಲದಿರುವುದು ಅವರದೇ. ಆ ಆಯ್ಕೆಯನ್ನು ಅವರ ಪರವಾಗಿ ಯಾರೂ ಮಾಡಲಾರರು.

ಬಿತ್ತುವವನ ಸಾಮತಿಯನ್ನು ನಾವು ಸಾಮಾನ್ಯವಾಗಿ ಕೇಳುವವರ ಹೃದಯಗಳ ವಿಂಗಡಣೆಯಾಗಿ ಬೋಧಿಸುತ್ತೇವೆ: ದಾರಿಯ ಮಗ್ಗುಲು, ಬಂಡೆಯ ನೆಲ, ಮುಳ್ಳುಪೊದೆ, ಹದವಾದ ಭೂಮಿ. ಕಾವೇರಿ ನಾಲೆಗಳ ಈ ಸೀಮೆಯ ರೈತನು ಅದನ್ನು ಕೇಳಿದರೆ ನೆಲವು ಹುಟ್ಟಿದಂತೆಯೇ ಉಳಿಯುತ್ತದೆಂದು ಒಪ್ಪಲಾರ. ಕಲ್ಲು ಆಯಬಹುದು, ಮುಳ್ಳು ಕಡಿಯಬಹುದು, ನಾಲೆ ತೋಡಿ ನೀರು ಹರಿಸಬಹುದು. ಮೊಳಕೆಯೊಡೆಯುವುದು ಮಾತ್ರ ಅವನ ಕೈಯಲ್ಲಿಲ್ಲ. ಪ್ರಭುವಿನ ವಾಕ್ಯವನ್ನು ಬಿತ್ತಲು ಹೊರಟವರಿಗೆ ನೆಲವನ್ನು ಹದಗೊಳಿಸುವ ಕೆಲಸವು ಸೇವೆಯ ಹೊರಗಿನದೆಂದು ತೋರಬಾರದು. ಪಾಪನಿವೇದನೆಯನ್ನು ಕೇಳುವ ಮುನ್ನ ಆ ಜನರ ಬೀದಿಯಲ್ಲಿ ಒಮ್ಮೆ ಬಲಸುತ್ತು ಬಂದು, ಕಣ್ಣು ಆ ಮಬ್ಬಿಗೆ ಹೊಂದಿಕೊಳ್ಳುವಷ್ಟು ಹೊತ್ತು ಅಲ್ಲಿ ನಿಂತ ಯಾಜಕನು ಮಾತ್ರ ಅವರ ಕ್ರಿಯೆಯಲ್ಲಿ ಆವರಣದ ಪಾಲೆಷ್ಟು, ಅವರ ಪಾಲೆಷ್ಟು ಎಂಬುದನ್ನು ನ್ಯಾಯವಾಗಿ ತೂಗಬಲ್ಲ.